ನಾಲ್ಕನೇ ಬೆಡ್ಡಿನ ಗಂಜಿ

ಆಗಸ್ಟ್ 4, ಸೋಮವಾರ

ಇಂದುಧರ ನನ್ನ ಕೈಗೆ ಸಿಕ್ಕಿದ.

ಬೆಳಿಗ್ಗೆ ಎಂಟೂವರೆಗೆ ಆಂಬ್ಯುಲೆನ್ಸಿನಿಂದ ಇಳಿಸಿದಾಗ ಗುರುತು ಹತ್ತಲಿಲ್ಲ. ಅರವತ್ತು ದಾಟಿದ ಗಂಡಸು, ರೆಪ್ಪೆ ಜೋತುಬಿದ್ದು ಕಣ್ಣು ಮುಚ್ಚಿಹೋಗಿದ್ದವು, ಬಾಯಿಂದ ಜೊಲ್ಲು ಸೋರುತ್ತಿತ್ತು, ಮಾತು ನಿಂತಿತ್ತು. ಕೊಬ್ಬರಿ ಗೋಡೌನಿನಲ್ಲಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದನಂತೆ. ಎದ್ದಾಗ ಹೊಟ್ಟೆನೋವು ಅಂದನಂತೆ, ಆಮೇಲೆ ಕಣ್ಣು ತೆರೆಯಲಾಗುತ್ತಿಲ್ಲ ಅಂದನಂತೆ. ಡಾಕ್ಟರ್ ಶಿವಪ್ರಕಾಶ್ ನೋಡಿದ ತಕ್ಷಣ ಕಟ್ಟುಹಾವು ಎಂದರು. ಅದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗಾಯ ಹುಡುಕಿದರೂ ಕಾಣುವುದಿಲ್ಲ. ವಿಷ ಒಂದೊಂದೇ ಸ್ನಾಯುವನ್ನು ಮಲಗಿಸುತ್ತ ಬಂದು ಕಡೆಗೆ ಉಸಿರಿಗೆ ಕೈ ಹಾಕುತ್ತದೆ. ವಿಷಕ್ಕೆ ಮದ್ದು ಕೊಟ್ಟೆವು. ಆದರೂ ಒಂಬತ್ತೂಕಾಲಿಗೆ ಉಸಿರು ನಿಲ್ಲುತ್ತ ಬಂತು. ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರಿಗೆ ಜೋಡಿಸಿದವರು ಡಾಕ್ಟರು. ತಲೆ ಹಿಡಿದುಕೊಂಡಿದ್ದವಳು ನಾನು.

ಎಲ್ಲ ಮುಗಿದ ಮೇಲೆ ಕೇಸ್ ಶೀಟ್ ಬರೆಯಲು ಕೂತೆ. ಹೆಸರು, ಊರು, ಗಂಡಸಿ ಹೋಬಳಿ. ಪೆನ್ನು ನಿಂತಿತು. ಎದ್ದು ಹೋಗಿ ಮುಖ ನೋಡಿದೆ. ಮೀಸೆ ಬೆಳ್ಳಗಾಗಿದೆ, ಕೆನ್ನೆ ಇಳಿದಿದೆ. ಎಡಗಿವಿಯ ಕೆಳಗಿನ ದೊಡ್ಡ ಮಚ್ಚೆ ಮಾತ್ರ ಇದ್ದಲ್ಲೇ ಇದೆ. ಅವನೇ.

ಅರಸೀಕೆರೆಯ ಎಂಟು ಹಾಸಿಗೆಯ ಐಸಿಯು ಇದು. ಈ ತಿಂಗಳು ನಾಲ್ಕನೇ ಬೆಡ್ಡು ನನ್ನದು.

ಆಗಸ್ಟ್ 5, ಮಂಗಳವಾರ

ಬರೆದಿಡಬೇಕು. ಯಾರಿಗೂ ಹೇಳಿದವಳಲ್ಲ, ಅವ್ವನ ಹತ್ತಿರವೂ ಈ ಮಾತು ಎತ್ತಿದವಳಲ್ಲ.

ಇಪ್ಪತ್ತು ವರ್ಷದ ಹಿಂದೆ ನಾನು ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಬಿಸಿಯೂಟಕ್ಕೆ ಅಡುಗೆಯವಳಾಗಿ ಅವ್ವನನ್ನು ತೆಗೆದುಕೊಂಡರು. ನಮ್ಮ ಕೇರಿಯಿಂದ ಸರ್ಕಾರದ ಕೆಲಸಕ್ಕೆಂದು ಹೋದ ಮೊದಲ ಹೆಂಗಸು ನಮ್ಮವ್ವ ಬೋರಮ್ಮ. ಹನ್ನೊಂದು ದಿನ ಅಡುಗೆ ಮಾಡಿದಳು. ಹನ್ನೆರಡನೆಯ ದಿನ ಶಾಲಾ ಸಮಿತಿ ಅಧ್ಯಕ್ಷ ಇಂದುಧರ ಐದು ಜನರನ್ನು ಕರೆದುಕೊಂಡು ಬಂದ. ಅರವತ್ತೆರಡು ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. ಇವಳ ಕೈ ಅಡುಗೆ ನಮ್ಮ ಮಕ್ಕಳು ಉಣ್ಣಬೇಕಾ ಎಂದು ಹೆಡ್‌ಮಾಸ್ಟರನ್ನು ಕೇಳಿದ. ಅವರು ತಲೆ ಬಗ್ಗಿಸಿದರು. ಸಾರಿನ ಪಾತ್ರೆಯ ಒಂದು ಕಿವಿಯನ್ನು ಅವನು ಹಿಡಿದ, ಇನ್ನೊಂದನ್ನು ಜೊತೆಗೆ ಬಂದಿದ್ದ ಮಹಾಂತೇಶ ಹಿಡಿದ, ಹೊಂಗೆಮರದ ಬುಡಕ್ಕೆ ಬೋರಲು ಹಾಕಿದರು. ಮಕ್ಕಳನ್ನು ರಟ್ಟೆ ಹಿಡಿದು ಎಬ್ಬಿಸಿ ಮನೆಗೆ ಅಟ್ಟಿದರು.

ನನ್ನ ತಟ್ಟೆಗೆ ಮಾತ್ರ ಆಗಲೇ ಅನ್ನ ಸಾರು ಬಿದ್ದಿತ್ತು. ಅವ್ವ ನನ್ನ ಕಡೆ ನೋಡಿ ಉಣ್ಣು ಎಂದಳು. ಆರು ಜನ ಗಂಡಸರು ನಿಂತು ನೋಡುತ್ತಿರುವಾಗ ನಾನೊಬ್ಬಳೇ ಉಂಡೆ. ಆಮೇಲೆ ಅವ್ವನ ಕೈಯಿಂದಲೇ ಆ ಜಾಗಕ್ಕೆ ನೀರು ಹಾಕಿಸಿ ತೊಳೆಸಿದರು.

ಆ ತಿಂಗಳೇ ಕೆಲಸ ಹೋಯಿತು. ಅವ್ವ ಇಲ್ಲಿಗೆ ಬಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿದು ನನ್ನನ್ನು ನರ್ಸಿಂಗ್ ಓದಿಸಿದಳು.

ಇವತ್ತು ಅವನ ಬಾಯಿ ಒರೆಸಿದೆ, ಹಲ್ಲು ಉಜ್ಜಿದೆ, ಮಗ್ಗುಲು ಹೊರಳಿಸಿದೆ. ಆ ಕೈ ಯಾರದೆಂದು ಅವನಿಗೆ ಗೊತ್ತಾಗಬೇಕು. ಗೊತ್ತು ಮಾಡದೆ ಬಿಡುವುದಿಲ್ಲ.

ಆಗಸ್ಟ್ 6, ಬುಧವಾರ

ರೌಂಡ್ಸಿನಲ್ಲಿ ಡಾಕ್ಟರು ಎರಡು ಮಾತು ಹೇಳಿದರು.

ಮೊದಲನೆಯದು, ಈ ಪೇಶೆಂಟ್ ಹೆಣದಂತೆ ಕಾಣುತ್ತಾನೆ, ಆದರೆ ಮಿದುಳಿಗೆ ಏನೂ ಆಗಿಲ್ಲ. ನಾವಾಡುವ ಪ್ರತಿ ಮಾತೂ ಕೇಳಿಸುತ್ತಿದೆ. ಚುಚ್ಚಿದರೆ ನೋವಾಗುತ್ತದೆ, ಹಸಿವೂ ಆಗುತ್ತದೆ, ಹೇಳುವುದಕ್ಕೆ ಮಾತ್ರ ಒಂದು ಸ್ನಾಯುವೂ ಅಲ್ಲಾಡುವುದಿಲ್ಲ. ಆದ್ದರಿಂದ ಅವನ ಮುಂದೆ ನಾಲಿಗೆ ಹಿಡಿತದಲ್ಲಿರಲಿ.

ಎರಡನೆಯದು ಊಟದ್ದು. ಮಿಷನ್ನು ಉಸಿರನ್ನು ಮಾತ್ರ ಕೊಡುತ್ತದೆ. ಕೆಲಸವಿಲ್ಲದೆ ಬಿದ್ದಿರುವ ಎದೆಯ ಸ್ನಾಯುಗಳು ದಿನದಿನಕ್ಕೆ ಕರಗುತ್ತವೆ. ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ವಿಷ ಇಳಿದ ಮೇಲೂ ಮಿಷನ್ನು ಬಿಡಿಸಲಾಗುವುದಿಲ್ಲ. ಮೂಗಿನ ಟ್ಯೂಬಿನಲ್ಲಿ ಮೂರು ಗಂಟೆಗೊಮ್ಮೆ ಗಂಜಿ ಹೋಗಲಿ, ಡಬ್ಬಿಯ ಪುಡಿಗಿಂತ ಮನೆಯ ಗಂಜಿ ಇವರ ಹೊಟ್ಟೆಗೆ ಒಗ್ಗುತ್ತದೆ ಎಂದರು.

ಆದರೆ ಮನೆಯಿಂದ ಬಂದ ಗಂಜಿ ಗಂಟುಗಂಟಾಗಿ ಟ್ಯೂಬ್ ಕಟ್ಟಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ. ಚೆಲ್ಲಬೇಕಾಯಿತು. ಜೊತೆಗಿರುವವಳು ಅವನ ಮಗಳು ಮೇಘಶ್ರೀ, ಹಳೇಬೀಡಿನ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ತಾಯಿಗೆ ಮಂಡಿನೋವು, ಊರಿಂದ ಹೊತ್ತುಹೊತ್ತಿಗೆ ತರುವವರಿಲ್ಲ ಎಂದಳು. ಹತ್ತಿರದಲ್ಲಿ ಯಾರಾದರೂ ಗಂಜಿ ಮಾಡಿಕೊಡುತ್ತಾರಾ ಸಿಸ್ಟರ್ ಎಂದು ಕೇಳಿದಳು.

ಈಕೆಯೂ ಅದೇ ಶಾಲೆಯವಳು, ನನಗಿಂತ ಒಂದು ಕ್ಲಾಸು ಕೆಳಗೆ. ನನ್ನ ಗುರುತು ಅವಳಿಗಿಲ್ಲ.

ನೋಡುತ್ತೇನೆ ಎಂದೆ. ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ತಲೆಗೆ ಹೊಳೆಯಿತು. ರಸ್ತೆಯಲ್ಲೇ ನಗು ಬಂತು.

ಆಗಸ್ಟ್ 8, ಶುಕ್ರವಾರ

ಅವ್ವನಿಗೆ ಹಾವು ಕಚ್ಚಿದ ಒಬ್ಬರು ಪೇಶೆಂಟ್ ಇದ್ದಾರೆ, ಟ್ಯೂಬಿನಲ್ಲಿ ಹೋಗುವಂಥ ಗಂಜಿ ಬೇಕು ಎಂದೆ, ಅಷ್ಟೇ. ಯಾರು, ಎತ್ತ ಎಂದು ಅವಳು ಕೇಳಲಿಲ್ಲ. ಎಷ್ಟು ತೆಳ್ಳಗಿರಬೇಕು ಎಂದು ಕೇಳಿದಳು. ಮೊಳಕೆ ಕಟ್ಟಿ ಹುರಿದು ಬೀಸಿದ ರಾಗಿ ಹಿಟ್ಟು, ಬೇಯಿಸಿ ಅರೆದ ಹೆಸರುಬೇಳೆ, ಹಾಲು, ಒಂದು ಚಮಚ ತುಪ್ಪ. ಪಂಚೆಯ ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಮೇಘಶ್ರೀಗೆ ನಮ್ಮ ಪಕ್ಕದ ಮನೆಯವರೊಬ್ಬರು ಮಾಡಿಕೊಡುತ್ತಾರೆ ಎಂದು ಸುಳ್ಳು ಹೇಳಿದೆ.

ಹನ್ನೊಂದು ಗಂಟೆಗೆ ಮೊದಲ ಸಲ ಹಾಕಿದೆ. ತಲೆದೆಸೆ ಎತ್ತಿ, ಟ್ಯೂಬ್ ಹೊಟ್ಟೆಯಲ್ಲೇ ಇದೆಯೆಂದು ನೋಡಿಕೊಂಡು, ಸಿರಿಂಜನ್ನು ಕೈಯೆತ್ತರಕ್ಕೆ ಹಿಡಿದು ಗಂಜಿ ಸುರಿದೆ. ತಳ್ಳಲಿಲ್ಲ, ತಾನಾಗಿ ಇಳಿಯಲು ಬಿಟ್ಟೆ. ಬೋರಮ್ಮನ ಕೈ ಅಡುಗೆ ಇಂದುಧರನ ಹೊಟ್ಟೆಗೆ ತೊಟ್ಟುತೊಟ್ಟಾಗಿ ಇಳಿಯುವುದನ್ನು ನಿಂತು ನೋಡಿದೆ. ಮೈಯೆಲ್ಲ ಬಿಸಿಯಾಯಿತು. ಇಂಥ ಸುಖ ನಾನು ಕಂಡಿರಲಿಲ್ಲ.

ಕಿವಿಯ ಹತ್ತಿರ ಬಗ್ಗಿ ಆಗಲೇ ಹೇಳಿಬಿಡಬಹುದಿತ್ತು. ಕೇಳಿಸುತ್ತದಲ್ಲ. ಆದರೆ ಉಗುಳಲಾಗದವನಿಗೆ ಹೇಳಿ ಏನು ಬಂತು? ಮೊದಲು ಅವನು ಎದ್ದು ಕೂರಬೇಕು. ಬಾಯಿ ಬರಬೇಕು. ಇಷ್ಟು ದಿನ ನೀನು ಉಂಡದ್ದು ಯಾರ ಕೈಯದು ಗೊತ್ತಾ ಎಂದು ಅವತ್ತು ಎಲ್ಲರೆದುರು ಕೇಳುತ್ತೇನೆ. ಅಲ್ಲಿಯವರೆಗೆ ಇವನು ಸಾಯಕೂಡದು.

ಆಗಸ್ಟ್ 10, ಭಾನುವಾರ

ರಜೆ ಇತ್ತು, ಹೋದೆ. ನಾಲ್ಕನೇ ಬೆಡ್ಡಿಗೆ ಬೇರೆಯವರು ಗಂಜಿ ಹಾಕಿದರೆ ತಲೆದೆಸೆ ಎತ್ತುವುದನ್ನು ಮರೆಯುತ್ತಾರೆ. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನನ್ನ ಕೆಲಸ ಕೆಡುತ್ತದೆ.

ಕಾಲಿನ ಬೆರಳುಗಳ ನಡುವೆ ಒರೆಸುತ್ತಿದ್ದಾಗ ಎಡಗಾಲ ಹೆಬ್ಬೆರಳು ಅಲುಗಿತು. ನನ್ನ ಭ್ರಮೆ ಎಂದುಕೊಂಡೆ. ಬಗ್ಗಿ, ನಿಮಗೆ ಕೇಳಿಸುತ್ತಿದ್ದರೆ ಇನ್ನೊಂದು ಸಲ ಆಡಿಸಿ ಎಂದೆ. ಆಡಿಸಿದ. ಹೌದು ಎಂದರೆ ಒಂದು ಸಲ, ಇಲ್ಲ ಎಂದರೆ ಎರಡು ಸಲ ಎಂದು ಹೇಳಿಕೊಟ್ಟೆ. ನೋವಿದೆಯಾ? ಎರಡು. ಚಳಿಯಾ? ಎರಡು. ಹಸಿವಾ?

ಒಂದು.

ಡಾಕ್ಟರ ಹತ್ತಿರ ಹೋಗಿ ಇನ್ನೂರು ಎಂಎಲ್ ಮಾಡಿ ಸರ್, ನೂರೈವತ್ತು ಸಾಲುತ್ತಿಲ್ಲ ಎಂದೆ. ಹೊಟ್ಟೆಯಲ್ಲಿ ಹಿಂದಿನದು ಉಳಿಯುತ್ತಿಲ್ಲವೆಂದು ನೋಡಿ ಒಪ್ಪಿದರು. ಇನ್ನಷ್ಟು ಉಣ್ಣಲಿ. ಎಷ್ಟು ಉಂಡರೆ ಅಷ್ಟು ಒಳ್ಳೆಯದು ನನಗೆ.

ಅವ್ವನಿಗೆ ಹಿಟ್ಟು ಜಾಸ್ತಿ ಹಾಕು ಎಂದೆ. ಆ ಮನುಷ್ಯ ಹುಷಾರಾಗ್ತಾ ಅವ್ನಾ ಎಂದು ಕೇಳಿದಳು. ಹೂಂ ಎಂದೆ.

ಆಗಸ್ಟ್ 12, ಮಂಗಳವಾರ

ಮಧ್ಯಾಹ್ನ ಒಂದೂವರೆ. ಮೂರನೇ ಬೆಡ್ಡಿನ ಬ್ರದರ್ ಅರುಣ್‌ಕುಮಾರ್ ಊಟಕ್ಕೆ ಹೋಗಿದ್ದ. ನಾಲ್ಕರ ಮಿಷನ್ನು ಕೂಗಿತು. ಆಕ್ಸಿಜನ್ ತೊಂಬತ್ತು, ಎಂಬತ್ತೆರಡು, ಎಪ್ಪತ್ತು. ಕಫ ಟ್ಯೂಬಿಗೆ ಅಡ್ಡ ಕಟ್ಟಿತ್ತು. ಮಿಷನ್ನು ಬಿಚ್ಚಿ ಕೈಯಿಂದ ಉಸಿರು ಕೊಡುವ ಅಂಬು ಚೀಲ ಜೋಡಿಸಿ ಒತ್ತಿದೆ, ಗಾಳಿ ಹೋಗುತ್ತಿಲ್ಲ. ಉಪ್ಪುನೀರು ಬಿಟ್ಟು ಕಫ ಎಳೆಯಲು ಸಕ್ಷನ್ ಹಾಕಿದೆ, ಮತ್ತೆ ಒತ್ತಿದೆ, ಮತ್ತೆ ಸಕ್ಷನ್. ಐವತ್ತೆಂಟು. ಮುಖ ಕಪ್ಪಿಟ್ಟಿತು. ಮೂರನೆಯ ಸಲಕ್ಕೆ ಹುಣಸೆಬೀಜದಷ್ಟು ಗಟ್ಟಿ ಕಫ ಬಂತು. ಎದೆ ಮೇಲೆದ್ದಿತು.

ಡಾಕ್ಟರು ಓಡಿಬಂದ ಮೇಲೂ ಚೀಲ ನನ್ನ ಕೈಯಲ್ಲೇ ಇತ್ತು. ನಲವತ್ತು ನಿಮಿಷ ಒತ್ತಿದೆನಂತೆ. ಬಿಡಿ ಸಿಸ್ಟರ್, ನಾನು ಹಿಡಿಯುತ್ತೇನೆ ಎಂದು ಅರುಣ್ ಎರಡು ಸಲ ಹೇಳಿದನಂತೆ. ನನಗೆ ಕೇಳಿಸಿಲ್ಲ.

ಇಷ್ಟು ಸುಲಭವಾಗಿ ತಪ್ಪಿಸಿಕೊಂಡು ಹೋಗಲು ಬಿಡುವುದಿಲ್ಲ.

ಆಮೇಲೆ ಮುಖ ಒರೆಸಿ, ಭಯ ಆಯಿತಾ ಎಂದು ಕೇಳಿದೆ. ಹೆಬ್ಬೆರಳು ಒಂದು ಸಲ ಆಡಿತು. ನಾನು ಇಲ್ಲೇ ಇರುತ್ತೇನೆ ಎಂದೆ. ಯಾಕೆ ಹಾಗೆ ಹೇಳಿದೆನೋ. ಡ್ಯೂಟಿ ಮುಗಿದ ಮೇಲೂ ಆರು ಗಂಟೆಯವರೆಗೆ ಕೂತಿದ್ದೆ. ಅವರು ನಿದ್ದೆ ಹೋದ ಮೇಲೆ ಬಂದೆ.

ಆಗಸ್ಟ್ 13, ಬುಧವಾರ

ರಟ್ಟೆ ಎತ್ತಲಾಗುತ್ತಿಲ್ಲ. ಬರೆಯುವುದೂ ಕಷ್ಟ.

ಆಗಸ್ಟ್ 14, ಗುರುವಾರ

ಎಲ್ಲ ಹಾಳಾಯಿತು.

ಇವತ್ತು ರೆಪ್ಪೆ ಅರ್ಧ ತೆರೆದಿವೆ. ಮೇಘಶ್ರೀಗೆ ಆ ಸಂತೋಷ ತಡೆಯಲಾಗದೆ, ಗಂಜಿ ಮಾಡುವವರಿಗೆ ಕೈಮುಗಿದು ಬರುತ್ತೇನೆ ಎಂದು ಯಾರನ್ನೋ ಕೇಳಿಕೊಂಡು ನಮ್ಮ ಬೀದಿಗೆ ಹೋಗಿದ್ದಾಳೆ, ಪಕ್ಕದ ಮನೆಯವರು ನಮ್ಮ ಮನೆ ತೋರಿಸಿದ್ದಾರೆ. ನಾನು ಡ್ಯೂಟಿಯಲ್ಲಿದ್ದೆ. ಅವ್ವ ಒಳಗೆ ಕರೆದು ಕೂರಿಸಿದ್ದಾಳೆ. ಯಾವೂರವ್ವ, ಯಾರ ಮಗಳು ಎಂದು ಕೇಳಿದ್ದಾಳೆ. ಅವಳು ಹೇಳಿದ್ದಾಳೆ. ಅವ್ವ ತಾನು ಯಾರೆಂದೂ ಹೇಳಿದ್ದಾಳೆ.

ನಾನು ಮನೆಗೆ ಬಂದಾಗ ಮೇಘಶ್ರೀ ಇನ್ನೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ಸಾರು ಚೆಲ್ಲಿದ ದಿನದ ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ಸ್ಕೂಲಿನ ಸಾರು ನಮ್ಮನೆ ಸಾರಿಗಿಂತ ಚೆನ್ನಾಗಿರುತ್ತೆ ಅಂತ ಅಪ್ಪನ ಮುಂದೆ ಹೇಳಿದ್ದವಳು ನಾನೇ ಎಂದಳು. ಯಾರು ಮಾಡೋದು ಎಂದು ಅಪ್ಪ ಕೇಳಿದ್ದು ಅದಕ್ಕೇ ಎಂದಳು. ತನ್ನ ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಮೊದಲು ಟೀಚರು ರುಚಿ ನೋಡಬೇಕಂತೆ. ಪ್ರತಿ ದಿನ ಸೌಟು ಕೈಗೆ ತೆಗೆದುಕೊಂಡಾಗ ಅದೇ ನೆನಪಾಗುತ್ತದಂತೆ. ನನ್ನ ಮುಖ ನೋಡದೆ ಎದ್ದು ಹೋದಳು.

ಅವ್ವ ಕೂಗಾಡಲಿಲ್ಲ. ಯಾರಿಗೆ ಅಂತ ಯಾಕೆ ಹೇಳಲಿಲ್ಲ ಎಂದಳು. ಹೇಳಿದ್ದರೆ ಮಾಡಿಕೊಡುತ್ತಿದ್ದೆಯಾ ಎಂದೆ.

"ಮಾಡ್ತಿದ್ದೆ. ಹಸ್ದೋರಿಗೆ ಮಾಡ್ದೇ ಇರ್ತಿದ್ನಾ? ಆದ್ರೆ ಬ್ಯಾಡ ಅನ್ನಾಕೆ ಬಾಯಿಲ್ದೋರ ಹೊಟ್ಟೆಗೆ ಕದ್ದು ಹಾಕಿದ್ದೀಯಲ್ಲ ಮಗ. ಅವ್ರು ಅವತ್ತು ಮಾಡಿದ್ದೂ ಕೇಳ್ದೇನೆ, ನೀನ್ ಇವತ್ತು ಮಾಡಿದ್ದೂ ಕೇಳ್ದೇನೆ."

ನಿನಗೆ ಸಿಟ್ಟಿಲ್ಲವಾ ಎಂದು ಕಿರುಚಿದೆ.

"ಐತೆ. ನಿಂದಕ್ಕಿಂತ ದೊಡ್ಡದೈತೆ. ಆದ್ರೆ ಅದ್ನ ನಾನು ಗಂಜಿಗೆ ಹಾಕಿ ಕಲಸಿಲ್ಲ. ನೀನು ಹಾಕ್ದೆ."

ಅವರನ್ನು ಕೇಳು, ಬೇಕು ಎಂದರೆ ಮಾಡುತ್ತೇನೆ, ಬೇಡ ಎಂದರೆ ಡಬ್ಬಿಯದು ಕೊಡು, ಕೇಳುವವರೆಗೆ ಒಲೆ ಹಚ್ಚುವುದಿಲ್ಲ ಎಂದಳು.

ಇಡೀ ಪ್ರಪಂಚದಲ್ಲಿ ನನ್ನ ಕಡೆಯವರು ಅಂತ ಇದ್ದವಳು ಒಬ್ಬಳು. ಅವಳೂ ಅವನ ಪರ ನಿಂತಳು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಆಸ್ಪತ್ರೆಯ ಮುಂದೆ ಬಾವುಟ ಹಾರಿಸಿ ಮಿಠಾಯಿ ಹಂಚಿದರು. ನಾನು ಒಳಗೇ ಇದ್ದೆ.

ಪರದೆ ಎಳೆದು ಅವರ ಎದುರು ನಿಂತೆ. ಅರ್ಧ ತೆರೆದ ಕಣ್ಣು ನನ್ನ ಮೇಲಿತ್ತು. ಹೇಳಿದೆ. ನಾನು ಬೋರಮ್ಮನ ಮಗಳು ಮೀನಾಕ್ಷಿ. ಅವತ್ತು ಹೊಂಗೆಮರದ ಹತ್ತಿರ ಒಬ್ಬಳೇ ಕೂತು ಉಂಡವಳು. ಒಂದು ವಾರದಿಂದ ನಿಮ್ಮ ಹೊಟ್ಟೆಗೆ ಹೋಗುತ್ತಿರುವ ಗಂಜಿ ಅವ್ವ ಮಾಡಿದ್ದು. ನಿಮಗೆ ಹೇಳದೆ ಹಾಕಿದೆ. ಮುಂದೆಯೂ ಅದೇ ಬೇಕಾ, ಬೇಡವಾ?

ಹೀಗೆ ಹೇಳಬೇಕೆಂದು ಅಂದುಕೊಂಡಿರಲಿಲ್ಲ. ಎಲ್ಲರೆದುರು, ಗಟ್ಟಿಯಾಗಿ, ಅವನು ಎದ್ದು ಕೂತ ಮೇಲೆ ಹೇಳಬೇಕೆಂದಿದ್ದೆ. ವಾರ್ಡಿನಲ್ಲಿ ಜ್ವರ ಎಷ್ಟಿದೆ ಎಂದು ಕೇಳುವ ದನಿಯಲ್ಲಿ ಕೇಳಿಬಿಟ್ಟೆ.

ಕಣ್ಣು ಕದಲಲಿಲ್ಲ. ಮಿಷನ್ನು ಹತ್ತೋ ಹನ್ನೆರಡೋ ಉಸಿರು ಕೊಟ್ಟಿತು. ಹೆಬ್ಬೆರಳು ಆಡಿತು. ನಿಂತಿತು. ಮತ್ತೊಮ್ಮೆ ಆಡಿತು.

ಎರಡು. ಬೇಡ.

ಸಾಯುತ್ತ ಬಿದ್ದಿದ್ದರೂ ಬೇಡ. ನಲವತ್ತು ನಿಮಿಷ ಇದೇ ಕೈ ಉಸಿರು ಕೊಟ್ಟಿತು, ಅದು ಬೇಕಿತ್ತು. ಗಂಜಿ ಮಾತ್ರ ಬೇಡ. ಹನ್ನೊಂದರ ಊಟದ ಹೊತ್ತಾಯಿತು. ಕೊಡದೆ ಒಂದು ಗಂಟೆ ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಸಿರಿಂಜ್ ಕೈಯಲ್ಲಿ ಹಿಡಿದು ನಿಂತೆ. ಗಡಿಯಾರ ಹನ್ನೊಂದೂ ಎರಡು ತೋರಿಸುತ್ತಿತ್ತು. ಡಬ್ಬಿ ಒಡೆದು ಪುಡಿ ಕಲಸಿ ಕೊಟ್ಟೆ. ತಲೆದೆಸೆ ಎತ್ತಿಯೇ ಕೊಟ್ಟೆ. ಅವನ ಹತ್ತಿರ ಒಂದು ಮಾತೂ ಆಡಲಿಲ್ಲ.

ಬೇಡ ಅಂದರು ಎಂದು ಅವ್ವನಿಗೆ ಹೇಳಿದೆ. ಸರಿ ಬಿಡು, ಕೇಳಿದೆಯಲ್ಲ ಎಂದಳು.

ಆಗಸ್ಟ್ 16, ಶನಿವಾರ

ಡಬ್ಬಿಯ ಪುಡಿಗೆ ಭೇದಿ ಹತ್ತಿದೆ. ಬೆಳಗಿಂದ ನಾಲ್ಕು ಸಲ ಬಟ್ಟೆ ಬದಲಿಸಿದೆ. ಗಂಜಿ ಒಗ್ಗಿತ್ತಲ್ಲ, ಯಾಕೆ ನಿಲ್ಲಿಸಿದಿರಿ ಎಂದು ಡಾಕ್ಟರು ಕೇಳಿದರು. ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. ಅವರ ರೂಮಿನಲ್ಲಿ ನಿಂತು ಎಲ್ಲ ಹೇಳಿದೆ.

ಡಾಕ್ಟರು ಎದ್ದು ಬಾಗಿಲು ಹಾಕಿದರು. ನಿಮ್ಮ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆನೋ ಗೊತ್ತಿಲ್ಲ ಎಂದರು. ಆದರೆ ಕೈಕಾಲು ಬಿದ್ದವನ ಮೈಯನ್ನು ನಿಮ್ಮ ಕೈಗೆ ಒಪ್ಪಿಸಿದ್ದು ಇದಕ್ಕಲ್ಲ, ಹಾಕಿದ್ದು ಅಮೃತವೇ ಆಗಿರಲಿ ಎಂದರು. ನಾಳೆಯಿಂದ ನಾಲ್ಕನೇ ಬೆಡ್ಡು ಅರುಣ್‌ಕುಮಾರನಿಗೆ, ನನಗೆ ಏಳು.

ಒಳ್ಳೆಯದೇ ಆಯಿತು. ಆ ಮುಖ ನೋಡುವ ಕರ್ಮ ತಪ್ಪಿತು.

ಆಗಸ್ಟ್ 17, ಭಾನುವಾರ

ಏಳನೇ ಬೆಡ್ಡಿನಲ್ಲಿ ಹಾರನಹಳ್ಳಿಯ ಮುದುಕಿ, ಅಸ್ತಮಾ. ದಿನವಿಡೀ ಅಲ್ಲೇ ಇದ್ದೆ. ನಾಲ್ಕರ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿ ಆಕ್ಸಿಜನ್ ಬೆಳಿಗ್ಗೆ ತೊಂಬತ್ತಾರು ಇತ್ತು, ಸಂಜೆಗೆ ತೊಂಬತ್ತೇಳು. ಜ್ವರ ಇಲ್ಲ. ಭೇದಿ ಎರಡು ಸಲ. ಅರುಣ್ ತಲೆದೆಸೆ ಸರಿಯಾಗಿ ಎತ್ತುತ್ತಾನೆ.

ಆಗಸ್ಟ್ 18, ಸೋಮವಾರ

ಹತ್ತು ಗಂಟೆಗೆ ಮಿಷನ್ನು ಬಿಡಿಸಿ ನೋಡುವ ಪರೀಕ್ಷೆ ಇತ್ತು. ಟ್ಯೂಬ್ ಗಂಟಲಲ್ಲೇ ಇರುತ್ತದೆ, ಆಕ್ಸಿಜನ್ ಮಾತ್ರ ಕೊಡುತ್ತಾರೆ, ಉಸಿರು ಪೇಶೆಂಟೇ ಎಳೆದುಕೊಳ್ಳಬೇಕು. ಐದು ನಿಮಿಷಕ್ಕೆ ಒದ್ದಾಟ ಶುರುವಾಯಿತಂತೆ. ಏನೋ ಹೇಳೋಕೆ ನೋಡ್ತಾ ಇದ್ದಾರೆ ಸಿಸ್ಟರ್, ನಮಗ್ಯಾರಿಗೂ ಅರ್ಥ ಆಗ್ತಿಲ್ಲ, ಬನ್ನಿ ಎಂದು ಅರುಣ್ ಕರೆದ. ಡಾಕ್ಟರ ಕಡೆ ನೋಡಿದೆ. ಹೋಗಿ ಎಂದು ತಲೆಯಾಡಿಸಿದರು.

ಉಸಿರು ಕಟ್ಟುತ್ತಿದೆಯಾ? ಎರಡು. ನೋವಾ? ಎರಡು. ಮಗಳನ್ನು ಕರೆಯಲಾ? ಎರಡು. ಈಗ ಬಲಗೈ ಬೆರಳೂ ಆಡುತ್ತವೆ. ನನ್ನ ಅಂಗೈ ಹಿಡಿದರು. ತೋರುಬೆರಳಿಂದ ಒಂದು ಅಕ್ಷರ ಗೀಚಿದರು. ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲಕ್ಕೆ ಗೊತ್ತಾಯಿತು. ಬೋ.

ಅವ್ವನಾ? ಒಂದು. ಗಂಜಿ ಬೇಕಾ? ಎರಡು. ಅವ್ವನೇ ಬರಬೇಕಾ?

ಒಂದು.

ಆಮೇಲೆ ಒದ್ದಾಟ ನಿಂತಿತು. ನನ್ನ ಕೈ ಹಿಡಿದುಕೊಂಡೇ ಇಪ್ಪತ್ತೈದು ನಿಮಿಷ ತಾವೇ ಉಸಿರಾಡಿದರು. ಹೊರಗೆ ಮೇಘಶ್ರೀ ಸಿಕ್ಕಿದಳು. ನಿನ್ನೆ ಸಂಜೆ ತಂದೆಯ ಪಕ್ಕ ಕೂತು, ಇಪ್ಪತ್ತು ವರ್ಷದಿಂದ ಹೇಳದೇ ಇದ್ದದ್ದನ್ನೆಲ್ಲ ಹೇಳಿದಳಂತೆ. ಎದ್ದು ಹೋಗೋಕೆ ಆಗ್ತಿರ್ಲಿಲ್ಲವಲ್ಲ, ಪೂರ್ತಿ ಕೇಳಿಸ್ಕೊಂಡ್ರು ಎಂದಳು.

ಆಗಸ್ಟ್ 19, ಮಂಗಳವಾರ

ಅವ್ವ ಬಂದಳು. ಬರುವುದಿಲ್ಲ ಎನ್ನುತ್ತಾಳೆಂದುಕೊಂಡಿದ್ದೆ. ಒಗೆದ ಸೀರೆ ಉಟ್ಟು, ಬರಿಗೈಯಲ್ಲಿ, ಭೇಟಿಯ ಹೊತ್ತಿಗೆ ಸರಿಯಾಗಿ ಬಂದಳು. ಹಾಸಿಗೆಯ ಕಾಲದೆಸೆಯಲ್ಲಿ ನಿಂತಳು. ಒಂದು ಕಡೆ ನಾನು, ಇನ್ನೊಂದು ಕಡೆ ಮೇಘಶ್ರೀ.

ಅವರು ಎರಡೂ ಕೈ ಎತ್ತಲು ನೋಡಿದರು. ಎರಡು ಅಂಗುಲ ಎದ್ದವು, ಬಿದ್ದವು.

"ಕೈ ಮುಗಿಯಾದ್ ಬ್ಯಾಡಿ ಯಜಮಾನ್ರೇ, ಅದು ಸುಲ್ಬ" ಎಂದಳು ಅವ್ವ. "ಕ್ಷಮಿಸ್ದೆ ಅಂತ ಹೇಳಾಕೂ ನಾನ್ ಬಂದಿಲ್ಲ. ಅವತ್ತು ಅಷ್ಟೂ ಮಕ್ಳು ಹಸ್ಕಂಡು ಮನೆಗ್ ಹೋದ್ವು. ಅದ್ರಲ್ಲಿ ಬೆಳಿಗ್ಗೆಯಿಂದ ಏನೂ ತಿನ್ದೇ ಬಂದಿದ್ದ ಮಕ್ಳು ಯಾವ್ಯಾವು ಅಂತ ಬಡಿಸ್ತಿದ್ದೋಳಿಗೆ ಗೊತ್ತು. ನಿಮ್ಗೆ ಗೊತ್ತಿಲ್ಲ. ನನ್ ಕೆಲ್ಸ ಹೋಗಿದ್ದಕ್ಕಲ್ಲ, ಆ ಮಕ್ಳ ಹಸಿವಿಗೆ ನಂಗೆ ಇವತ್ತಿಗೂ ಉರೀತೈತೆ."

ಅವರ ಕಣ್ಣು ಅವ್ವನ ಮೇಲೆಯೇ ಇತ್ತು.

"ನನ್ ಮಗ್ಳು ನಿಮ್ಗೆ ಹೇಳ್ದೆ ಉಣ್ಸಿದ್ದು ತಪ್ಪು. ಅದ್ಕೆ ನಾನು ತಪ್ಪಾಯ್ತು ಅಂತೀನಿ. ನಿಮ್ಮದು ನೀವ್ ನೋಡ್ಕಳಿ. ಈಗ ಹೇಳಿ, ನಾಳಿಂದ ಗಂಜಿ ಮಾಡ್ಲಾ, ಬ್ಯಾಡ್ವಾ?"

ಅವ್ವನಿಗೆ ಆ ಲೆಕ್ಕ ತಿಳಿಯದು. ನಾನು ಕಾಲಿನ ಕಡೆ ನೋಡಿದೆ. ಹೆಬ್ಬೆರಳು ಒಂದು ಸಲ ಆಡಿತು. ಎರಡನೆಯದಕ್ಕೆ ಕಾದೆ. ಆಡಲಿಲ್ಲ.

ಮಾಡು ಅಂತಿದ್ದಾರೆ ಅವ್ವ ಎಂದೆ.

ಎಷ್ಟೊತ್ತಿಗೆ ಬೇಕು ಎಂದು ಕೇಳಿಕೊಂಡು ಹೊರಟಳು. ಮೇಘಶ್ರೀ ಹಿಂದೆ ಓಡಿದಳು.

ಆಗಸ್ಟ್ 21, ಗುರುವಾರ

ತಲೆಯನ್ನು ದಿಂಬಿನಿಂದ ಎತ್ತಿ ಹತ್ತು ಎಣಿಸುವವರೆಗೆ ಹಿಡಿದರು. ಗಂಟಲಿನ ಟ್ಯೂಬ್ ತೆಗೆದೆವು. ನಾಲ್ಕನೇ ಬೆಡ್ಡು ಮತ್ತೆ ನನಗೇ. ಕೇಳಿದವಳು ನಾನಲ್ಲ, ಅವರು ಬೆರಳು ತೋರಿಸಿ ಕೇಳಿದರಂತೆ.

ಒಂದು ಚಮಚ ನೀರು ಕೊಟ್ಟೆ. ನುಂಗಿದರು, ಕೆಮ್ಮು ಬರಲಿಲ್ಲ. ದನಿ ಮರಳು ಉಜ್ಜಿದ ಹಾಗೆ.

"ಅವತ್ತು ನಾನ್ ಗಂಜಿ ಬ್ಯಾಡ ಅಂದಿದ್ದಕ್ಕೆ, ಏನಂದ್ಲು ಅವ್ಳು?"

"ಅವ್ರು ಅನ್ನಿ" ಎಂದೆ.

ಉಸಿರಿಗೆ ನಿಲ್ಲಿಸಿದರು. "ಅವ್ರು. ಏನಂದ್ರು?"

ಸರಿ ಬಿಡು, ಕೇಳಿದೆಯಲ್ಲ ಅಂದಳು ಎಂದು ಹೇಳಿದೆ. ಕಣ್ಣು ಮುಚ್ಚಿಕೊಂಡರು. ಹೆಚ್ಚು ಮಾತಾಡಿಸಬಾರದು, ಆಕ್ಸಿಜನ್ ತೊಂಬತ್ತಮೂರಕ್ಕೆ ಇಳಿದಿತ್ತು. ಮಾಸ್ಕ್ ಹಾಕಿದೆ.

ಆಗಸ್ಟ್ 23, ಶನಿವಾರ

ನಿನ್ನೆ ವಾರ್ಡಿಗೆ ಕಳಿಸಿದೆವು. ಅಲ್ಲಿಗೆ ನಾನು ಹೋಗಬೇಕಾದ್ದಿಲ್ಲ. ಎದೆಯ ಗಾಳಿ ಹೇಗಿದೆ ನೋಡಿ ಬರೋಣವೆಂದು ಮಧ್ಯಾಹ್ನ ಹೋದೆ.

ಊರಿಂದ ಮೂವರು ಬಂದಿದ್ದರು, ಸೇಬು ಎಳನೀರು ಹಿಡಿದುಕೊಂಡು. ಒಬ್ಬ ಮಹಾಂತೇಶ. ದಪ್ಪಗಾಗಿದ್ದಾನೆ. ಮೇಘಶ್ರೀ ಲೋಟಕ್ಕೆ ಗಂಜಿ ಬಗ್ಗಿಸಿ ಕೊಟ್ಟಳು. ಬಾಯಲ್ಲಿ ಕುಡಿಯುವ ಮೊದಲ ಲೋಟ ಅದು. ಘಮ ಚೆನ್ನಾಗೈತೆ, ಆಸ್ಪತ್ರೇಲೇ ಮಾಡ್ತಾರಾ ಎಂದು ಮಹಾಂತೇಶ ಕೇಳಿದ.

"ಬೋರಮ್ಮ ಮಾಡಿದ್ದು."

"ಯಾವ ಬೋರಮ್ಮ?"

"ನಾನೂ ನೀನೂ ಒಂದೊಂದ್ ಕಿವಿ ಹಿಡ್ದು ಸಾರು ಚೆಲ್ಲಿದ್ವಲ್ಲ, ಆ ಬೋರಮ್ಮ. ಅಗೋ, ಅವ್ರ ಮಗ್ಳು. ನಂಗೆ ಉಸ್ರು ಕೊಟ್ಟೋರು."

ಮೂವರೂ ನನ್ನ ಕಡೆ ತಿರುಗಿದರು. ಇಂದುಧರ ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು. ಸ್ವಲ್ಪ ಎದೆಯ ಮೇಲೆ ಚೆಲ್ಲಿತು. ಒರೆಸಲಿಲ್ಲ, ಪೂರ್ತಿ ಕುಡಿದರು. ಮಹಾಂತೇಶ ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಇನ್ನಿಬ್ಬರಲ್ಲಿ ಒಬ್ಬ ಹೋಗಲಿಲ್ಲ, ನೆಲ ನೋಡುತ್ತ ಕೂತಿದ್ದ.

ಕುಣಿಯಬೇಕಿತ್ತು ನಾನು. ಇಪ್ಪತ್ತು ವರ್ಷ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತು. ಅದನ್ನೂ ಅವರೇ ಆಡಿಬಿಟ್ಟರು, ನನಗೆ ಅಂತ ಏನೂ ಉಳಿಸಲಿಲ್ಲ. ಸಿಟ್ಟು ಬಂತು. ಲೋಟ ಇಸಿದುಕೊಂಡು ಎದೆಯ ಮೇಲೆ ಚೆಲ್ಲಿದ್ದನ್ನು ಒರೆಸಿದೆ. ಕುಡಿದ ಮೇಲೆ ಅರ್ಧ ಗಂಟೆ ಮಲಗಬೇಡಿ, ಒರಗಿಕೊಂಡೇ ಇರಿ ಎಂದು ಗದರಿ ಬಂದೆ.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳುತ್ತಲೇ ಒಲೆ ಒರೆಸಿದಳು. ಪಾತ್ರೆ ತೊಳೆದು ಬೋರಲು ಹಾಕಿದಳು. ಆಮೇಲೆ, ಗಂಡಸಿ ಬಸ್ಸು ಬೆಳಿಗ್ಗೆ ಎಷ್ಟೊತ್ತಿಗೈತೆ ಎಂದು ಕೇಳಿದಳು. ಊರು ಬಿಟ್ಟ ಮೇಲೆ ಒಂದು ದಿನಕ್ಕೂ ಆ ಕಡೆ ಹೆಜ್ಜೆ ಇಟ್ಟವಳಲ್ಲ. ನನಗೆ ಗುರುವಾರದವರೆಗೆ ರಜೆ ಇಲ್ಲ ಎಂದೆ.

"ನಿನ್ನ ಯಾರ್ ಕರೆದ್ರು? ನಾನೊಬ್ಳೇ ಹೋಗ್ ಬತ್ತೀನಿ."

ಆಗಸ್ಟ್ 25, ಸೋಮವಾರ

ಎಂಟೂ ಹತ್ತರ ಬಸ್ಸಿಗೆ ಅವ್ವನನ್ನು ಹತ್ತಿಸಿದೆ. ಹಿಂದೆ, ನಮ್ಮ ಕೇರಿಯವರು ಕೂರುತ್ತಿದ್ದ ಕಡೆ, ಜಾಗ ಬೇಕಾದಷ್ಟಿತ್ತು. ಡ್ರೈವರ್ ಪಕ್ಕದ ಮೊದಲ ಸೀಟಿಗೆ ಹೋಗಿ ಕೂತಳು. ಕಿಟಕಿಯಿಂದ ನನ್ನ ಕಡೆ ನೋಡಲಿಲ್ಲ, ಮುಂದೆ ರಸ್ತೆ ನೋಡುತ್ತಿದ್ದಳು.